ವ್ಯಾನಿನೊಳಗೆ ಇನ್ನೊಂದು ದನಿ

ತನ್ನ ತಾಯಿ ಸ್ವಲ್ಪ ಬಾಯಿ ಮುಚ್ಚಿಕೊಂಡಿರಲಿ ಅಂತಲೇ ಮಗ ಆ ಪೆಟ್ಟಿಗೆ ತಂದದ್ದು. ಬೇರೆ ಕಾರಣಗಳನ್ನೂ ಹೇಳಿದ, ಇಲ್ಲವೆಂದಲ್ಲ. ವ್ಯಾನಿನಲ್ಲಿದ್ದ ಸ್ಟೀರಿಯೊ ಕಾರ್ಖಾನೆಯಿಂದಲೇ ಬಂದದ್ದು, ಎರಡು ತಿರುಗುಣಿ, ಒಂದು ಸಾಲು ಗುಂಡಿ, ಅಷ್ಟೇ. ಇದಾದರೆ ಆಂಡ್ರಾಯ್ಡು. ದಾರಿ ತೋರಿಸುತ್ತದೆ, ಗಾಡಿ ಹಿಂದಕ್ಕೆ ತೆಗೆಯುವಾಗ ಹಿಂದಿನದನ್ನೆಲ್ಲ ಚಿತ್ರದಲ್ಲಿ ತೋರಿಸುತ್ತದೆ, ಫೋನು ಬಂದರೆ ಕೈಗೆತ್ತಿಕೊಳ್ಳದೆ ಮಾತಾಡಬಹುದು. ಆದರೆ ರಾತ್ರಿ ಊಟದ ಮೇಜಿನ ಮೇಲೆ ಪೆಟ್ಟಿಗೆಯನ್ನಿಟ್ಟು ಅವನು ಮೊದಲು ಆಡಿದ ಮಾತು ಇದು:

"ಅಮ್ಮಾ, ನಿನ್ನ ಕಾಮೆಂಟರಿಗೆ ಇನ್ನು ಪೆನ್ಷನ್ನು. ದಾರಿ ಹೇಳೋಕೆ ಇವಳು ಬಂದಿದಾಳೆ."

ಸೊಸೆ ನಕ್ಕಳು. ಮೊಮ್ಮಗಳು ಪುಟ್ಟಿ ಯಾಕೆ ಅಂತ ಗೊತ್ತಿಲ್ಲದೆ ಇನ್ನೂ ಜೋರಾಗಿ ನಕ್ಕಳು. ತಾತ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದ. ಅಜ್ಜಿ ಬೇಳೆಯ ಪಾತ್ರೆಯಲ್ಲಿ ಸೌಟನ್ನು ಇಳಿಸಿದ್ದವಳು ಎತ್ತಲೇ ಇಲ್ಲ.

"ಈಗಿರೋದಕ್ಕೆ ಏನಾಗಿದೆ?" ಅಂದ ತಾತ.

"ಏನೂ ಆಗಿಲ್ಲ ಅಪ್ಪ, ಅದೇ ತೊಂದರೆ. ಅದು ಸಾಯೋವರೆಗೂ ಕಾಯ್ತಾ ಕೂರೋಕಾಗುತ್ತಾ?"

"ದುಡ್ಡು ಹೆಚ್ಚಾಗಿದ್ರೆ ಅಡುಗೆಮನೆ ನಲ್ಲಿ ಸೋರ್ತಾ ಇದೆ, ಅದನ್ನ ರಿಪೇರಿ ಮಾಡಿಸು. ಇದನ್ನ ವಾಪಸ್ ಕೊಟ್ಟು ಬಾ," ಅಂದಳು ಅಜ್ಜಿ.

"ನಲ್ಲಿ ಬೇರೆ, ಇದು ಬೇರೆ ಅಮ್ಮಾ."

"ಹೌದಪ್ಪ. ನಲ್ಲಿ ಮುಂದೆ ನಿಲ್ಲೋಳು ನಾನಲ್ವಾ, ಅದಕ್ಕೆ ಬೇರೆ."

"ಅತ್ತೆ, ಆಸೆಪಟ್ಟು ತಂದಿದಾರೆ. ಒಂದು ಒಳ್ಳೇ ಮಾತಾಡಿದ್ರೆ ಏನು ಗಂಟು ಹೋಗುತ್ತೆ?" ಅಂದಳು ಸೊಸೆ. "ಹೇಗೂ ಪುಟ್ಟಿಗೆ ರಜೆ ಬರ್ತಾ ಇದೆ. ಈ ಸಲ ನಾವೂ ನಿಮ್ಮ ಜೊತೆ ಬರ್ತೀವಿ. ಒಂದು ದಿನವಾದ್ರೂ ಎಲ್ಲರೂ ಒಟ್ಟಿಗೆ ಹೋಗಿಬರೋಣ."

"ವ್ಯಾನಲ್ಲಿ ಜಾಗ ಸಾಲಲ್ಲ," ಅಂದಳು ಅಜ್ಜಿ, ಥಟ್ಟನೆ.

ಜಾಗ ಧಾರಾಳವಾಗಿ ಸಾಲುತ್ತಿತ್ತು. ತಾತ ಜೀವಮಾನವಿಡೀ ಊರಿನ ಬಸ್ಸು ಓಡಿಸಿದವನು. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಹಳೆಯ ಸರಕಿನ ವ್ಯಾನು ಕೊಂಡು, ಅದರೊಳಗೆ ತನ್ನ ಕೈಯಾರೆ ಮಂಚ ಕೂರಿಸಿದ್ದ, ಮಡಚುವ ಮೇಜು, ಒಂಟಿ ಒಲೆ, ಅಂಗೈಯಗಲದ ತೊಟ್ಟಿ ಎಲ್ಲ ಮಾಡಿದ್ದ. ಕಿಟಕಿಗಳ ಪರದೆ ಅಜ್ಜಿ ಹೊಲಿದದ್ದು. ತಿಂಗಳಿಗೊಮ್ಮೆ ಇಬ್ಬರೂ ಎರಡು ಮೂರು ದಿನ ಎಲ್ಲಾದರೂ ಹೋಗಿಬಿಡುತ್ತಿದ್ದರು, ಒಂದು ಕೆರೆಯ ದಂಡೆಗೋ, ಗುಡ್ಡದ ಬುಡಕ್ಕೋ. ವ್ಯಾನಿನಲ್ಲಿ ಟೀ ಮಾಡುವವನು ತಾತ. ಅಜ್ಜಿ ಕಾಲು ಚಾಚಿಕೊಂಡು ಕುಡಿಯುವವಳು. ಮನೆಯಲ್ಲಿ ಎಲ್ಲರ ಊಟದ ಡಬ್ಬಿ ಕಟ್ಟಿ, ಬಟ್ಟೆ ಒಗೆದು, ಸೋರುವ ನಲ್ಲಿಯ ಕೆಳಗೆ ಬಕೆಟ್ಟು ಬದಲಿಸುತ್ತ ದಿನ ಕಳೆಯುವ ಹೆಂಗಸಿಗೆ ಆ ಎರಡು ದಿನ ಏನೆಂದು ಮನೆಯವರು ಯಾರೂ ಕೇಳಿರಲಿಲ್ಲ.

ಕೇಳದ ಇನ್ನೊಂದು ವಿಷಯವೂ ಇತ್ತು. ವ್ಯಾನು ಗೇಟು ದಾಟಿದ್ದೇ ತಡ, ಅಜ್ಜಿಯ ಬಾಯಿ ಶುರುವಾಗುತ್ತಿತ್ತು. "ರೀ, ಎಡಗಡೆ ಆ ಹುಡುಗೀನ ನೋಡಿ, ಬೆನ್ನ ಮೇಲೆ ಎಷ್ಟು ದೊಡ್ಡ ಬ್ಯಾಗು! ದಾಟ್ತಾಳೋ ಏನೋ... ಅಯ್ಯೋ ಆ ಬಿಳಿ ಕಾರಿಗೇನು ಆತುರ, ಬಲಗಡೆಯಿಂದ ನುಗ್ತಾ ಇದೆ... ತರಕಾರಿ ಗಾಡಿ ಬಂತು ಎಡಕ್ಕೆ, ಏನು ಸೊರಗಿದೆ ಕೋಸು." ಹೀಗೆ ಊರು ದಾಟುವವರೆಗೂ, ದಾಟಿದ ಮೇಲೂ. ತೆರೆದ ಕಿಟಕಿಯಿಂದ ಅದು ಗೇಟಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತಿತ್ತು, ಪುಟ್ಟಿ ಅವಳಿಗೆ ಕಾಮೆಂಟರಿ ಅಜ್ಜಿ ಅಂತ ಹೆಸರಿಟ್ಟಿದ್ದಳು. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹೆಂಗಸು ವ್ಯಾನು ಹತ್ತಿದ ಕೂಡಲೇ ಯಾಕೆ ಹೀಗಾಗುತ್ತಾಳೆ ಅಂತ ಒಬ್ಬರಿಗಾದರೂ ಅನ್ನಿಸಬೇಡವೇ? ಅನ್ನಿಸಲಿಲ್ಲ. ವಯಸ್ಸಾಯಿತು, ನಾಲಿಗೆ ಸಡಿಲವಾಗಿದೆ ಅಂದುಕೊಂಡು ನಕ್ಕರು.

ಭಾನುವಾರ ಬೆಳಿಗ್ಗೆ ಮಗ ಕೆಲಸಕ್ಕೆ ಇಳಿದ. ಅವನು ಟೈಲ್ಸ್ ಅಂಗಡಿಯೊಂದರ ಗೋದಾಮು ನೋಡಿಕೊಳ್ಳುವವನು. ಡ್ರೈವರನ ಮಗನಾಗಿ ಹುಟ್ಟಿಯೂ ಸ್ಟೀರಿಂಗು ಮುಟ್ಟದವನು. ಕಲಿಸಲು ಕೂರಿಸಿಕೊಂಡಿದ್ದ ತಾತ ಮೊದಲ ದಿನವೇ ಎಷ್ಟು ಬೈದಿದ್ದನೆಂದರೆ, ಎರಡನೆಯ ದಿನ ಅವನು ಗಾಡಿಯ ಹತ್ತಿರ ಸುಳಿಯಲಿಲ್ಲ. ಹಾಗಾಗಿ ಈ ಪೆಟ್ಟಿಗೆ ಕೂರಿಸುವುದು ಅವನಿಗೆ ಬರೀ ಪೆಟ್ಟಿಗೆ ಕೂರಿಸುವುದಾಗಿರಲಿಲ್ಲ. ಅಪ್ಪನ ಗಾಡಿಯಲ್ಲಿ ತನ್ನದೂ ಒಂದು ಇರಲಿ ಅನ್ನುವ ಆಸೆ ಅದು.

ಫೋನಿನಲ್ಲಿ ವಿಡಿಯೊ ಹಾಕಿ ಸೀಟಿನ ಮೇಲೆ ಒರಗಿಸಿಟ್ಟ. ಡ್ಯಾಶಿನ ಅಂಚನ್ನು ಎಬ್ಬಿಸಲು ಅಡುಗೆಮನೆಯ ಮರದ ಸಟ್ಟುಗವೇ ಬೇಕಾಯಿತು.

"ಅದರಲ್ಲಿ ನಾನು ಆಲೂಗಡ್ಡೆ ಹುರಿಯೋದು ಕಣೋ!"

"ತೊಳೆದು ಕೊಡ್ತೀನಿ ಇರಮ್ಮಾ."

ಸ್ಕ್ರೂಗಳು ಬಂದವು. ಹಳೆಯ ಸ್ಟೀರಿಯೊ ಬೆನ್ನಿಗೆ ತಂತಿಗಳನ್ನು ಎಳೆದುಕೊಂಡು ಹೊರಗೆ ಬಂತು. ಅದರ ಹಿಂದಿನ ಧೂಳಿನಲ್ಲಿ ಅಜ್ಜಿಯ ಒಂದು ಹೇರ್‌ಪಿನ್ನು ಸಿಕ್ಕಿತು. ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ, ಅಂತ ವಿಡಿಯೊ ಹೇಳುತ್ತಿತ್ತು. ಮಗ ಮೊದಲು ಅದನ್ನು ಅದಲು ಬದಲು ಮಾಡಿ, ಬೈದುಕೊಂಡು, ಬಿಚ್ಚಿ, ಮತ್ತೆ ಸರಿಯಾಗಿ ಕಟ್ಟಿದ. ಹೊಸ ಪೆಟ್ಟಿಗೆ ದೊಡ್ಡದು, ಜಾಗ ಸಣ್ಣದು. ಅರ ಹಿಡಿದು ಡ್ಯಾಶಿನ ಚೌಕಟ್ಟನ್ನು ತಿಕ್ಕಿ ತಿಕ್ಕಿ ಅಗಲ ಮಾಡಿದ.

"ಹಳೇದು ಇನ್ನು ಇಲ್ಲಿ ಕೂರಲ್ವಲ್ಲೋ," ಅಂದ ತಾತ. ಬಾಗಿಲಲ್ಲಿ ನಿಂತು ಮಗ ತಿಕ್ಕುವ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದ.

"ಯಾಕೆ ಕೂರಬೇಕು? ಅದರ ಕಾಲ ಮುಗೀತು."

ಮಧ್ಯಾಹ್ನದ ಹೊತ್ತಿಗೆ ಪರದೆ ಬೆಳಗಿತು. ಒಂದು ಹೆಣ್ಣುದನಿ ಸ್ವಾಗತ ಹೇಳಿತು. ಪುಟ್ಟಿ ಚಪ್ಪಾಳೆ ತಟ್ಟಿದಳು. ಮಗ ಬೆವರು ಒರೆಸಿಕೊಂಡು, "ಅಪ್ಪ, ಬಾ, ಕೂತ್ಕೋ. ಸೌಂಡು ಜಾಸ್ತಿ ಮಾಡು ನೋಡೋಣ," ಅಂದ.

ತಾತ ಕುಳಿತ. ಕೈ ಹಳೆಯ ತಿರುಗುಣಿ ಇದ್ದ ಜಾಗಕ್ಕೆ ತಾನಾಗಿಯೇ ಹೋಯಿತು. ಅಲ್ಲಿ ನುಣ್ಣಗೆ ಗಾಜು. ಬೆರಳು ಅತ್ತಿತ್ತ ಹರಿದಾಡಿತು.

"ಗುಂಡಿ ಎಲ್ಲಿ?"

"ಗುಂಡಿ ಇಲ್ಲಪ್ಪ. ಚಿತ್ರ ನೋಡಿ ಮುಟ್ಟೋದು. ಅಲ್ಲೇ ಇದೆಯಲ್ಲ, ಪಕ್ಕದಲ್ಲಿ."

ತಾತ ಎಲ್ಲೋ ಮುಟ್ಟಿದ. ಪರದೆಯ ಬಣ್ಣ ಬದಲಾಯಿತು. ಇನ್ನೆಲ್ಲೋ ಮುಟ್ಟಿದ. ಮಗ ನಗತೊಡಗಿದ. ಅಜ್ಜಿ ಓಡಿ ಬಂದು, "ನಿಮ್ಮ ಕೈಯೆಲ್ಲ ಗ್ರೀಸು! ಹೊಸ ಗಾಜು ಹಾಳಾಗುತ್ತೆ, ಇಳೀರಿ, ಊಟಕ್ಕೆ ಬನ್ನಿ," ಅಂತ ಗಂಡನ ತೋಳು ಹಿಡಿದು ಇಳಿಸಿಕೊಂಡು ಹೋದಳು. ತಾತನ ಕೈಯಲ್ಲಿ ಗ್ರೀಸು ಇರಲಿಲ್ಲ. ಹಳೆಯ ಸ್ಟೀರಿಯೊವನ್ನು ಅವಳು ಒಂದು ಟವೆಲ್ಲಿನಲ್ಲಿ ಸುತ್ತಿ ಪಾತ್ರೆಗಳ ಹಿಂದೆ ಇಟ್ಟಳು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ತಾತನಿಗೆ ಪಕ್ಕದ್ದು ಕಾಣುತ್ತಿರಲಿಲ್ಲ. ಕೊಳವೆಯೊಳಗಿನಿಂದ ನೋಡಿದ ಹಾಗೆ ನೇರ ಎದುರಿಗಿರುವುದು ಮಾತ್ರ, ಅದೂ ಬೆಳಕು ಚೆನ್ನಾಗಿದ್ದರೆ. ಕಣ್ಣಿನ ಡಾಕ್ಟರು, "ಹೋದ ದೃಷ್ಟಿ ವಾಪಸ್ ಬರಲ್ಲ, ಗಾಡಿ ಇನ್ನು ಮುಟ್ಟಬೇಡಿ," ಅಂದಿದ್ದರು. ಗಂಡ ಹೆಂಡತಿ ಹೊರಗೆ ಬಂದು ಆಸ್ಪತ್ರೆಯ ಎದುರು ಟೀ ಕುಡಿದರು. ಆಮೇಲೆ ಅಜ್ಜಿ ಅಂದಳು:

"ಎಡಗಡೆ ನಾನು ನೋಡ್ತೀನಿ."

"ಬಲಗಡೆ?"

"ಬಲಗಡೇನೂ ನಾನೇ ನೋಡ್ತೀನಿ."

ಅಂದಿನಿಂದ ಶುರುವಾದದ್ದು ಆ ಕಾಮೆಂಟರಿ. ಇಬ್ಬರೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದರು. ಹೋದರೆ ನಾವಿಬ್ಬರೇ, ಮಗುವನ್ನು ಮಾತ್ರ ಯಾವತ್ತೂ ಹತ್ತಿಸಬಾರದು. ಅದೊಂದನ್ನು ಪಾಲಿಸಿದರೆ ತಾವು ಯಾರಿಗೂ ಅನ್ಯಾಯ ಮಾಡಿದಂತಲ್ಲ ಅಂದುಕೊಂಡಿದ್ದರು. ರಸ್ತೆಯಲ್ಲಿ ಓಡಾಡುವ ಬೇರೆಯವರ ಮಕ್ಕಳ ವಿಷಯ ಇಬ್ಬರೂ ಎತ್ತಲಿಲ್ಲ. ಮನುಷ್ಯರೇ ಹಾಗೆ, ಏನು ಮಾಡೋಣ.

ಪೆಟ್ಟಿಗೆ ಬಂದ ವಾರವೇ ಇಬ್ಬರೂ ಸಂತೆಗೆ ಹೋಗುವ ನೆಪದಲ್ಲಿ ವ್ಯಾನು ತೆಗೆದರು. ಸಂತೆಯ ದಾರಿಯನ್ನು ಮಗ ಮೊದಲೇ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದ. ಗೇಟು ದಾಟುವಷ್ಟರಲ್ಲೇ ಅದು ಬಾಯಿ ಬಿಟ್ಟಿತು. "ಮುಂದಿನ ತಿರುವಿನಲ್ಲಿ ಬಲಕ್ಕೆ ತಿರುಗಿ."

"ರೀ, ಎಡಗಡೆ ಸ್ಕೂಟರು..."

"ಬಲಕ್ಕೆ ತಿರುಗಿ."

"...ನಿಲ್ಲಿಸಿ ನಿಲ್ಲಿಸಿ, ಸ್ಕೂಟರು ಅಂದೆ!"

ಬ್ರೇಕು ಕಿರುಗುಟ್ಟಿತು. ಸ್ಕೂಟರಿನವನು ಬೈದುಕೊಂಡು ಹೋದ. ತಾತ ಗಾಡಿಯನ್ನು ಬದಿಗೆ ನಿಲ್ಲಿಸಿ ಹಣೆ ಒತ್ತಿಕೊಂಡ.

"ಎರಡು ಹೆಂಗಸರು ಒಟ್ಟಿಗೆ ಮಾತಾಡಿದ್ರೆ ನಾನು ಯಾರ ಮಾತು ಕೇಳಲೇ? ಅದೂ ಸಾಲದೂಂತ ಈ ಬೆಳಕು ಬೇರೆ ಕಣ್ಣಿಗೆ ಹೊಡೀತಾ ಇದೆ. ಎದುರಿಗಿರೋದೂ ಮಂಜು ಮಂಜು."

"ಇದರ ಬಾಯಿ ಮುಚ್ಚಿಸೋದು ಹೇಗೆ?"

ಅಜ್ಜಿ ಗಾಜನ್ನು ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಏನೋ ರಿಂಗಣಿಸಿತು. ವ್ಯಾನಿನ ನಾಲ್ಕೂ ಮೂಲೆಯಿಂದ ಮಗನ ದನಿ ಕೇಳಿಸಿತು.

"ಹಲೋ? ಅಮ್ಮಾ? ಪೆಟ್ಟಿಗೆಯಿಂದಾನೇ ಫೋನ್ ಮಾಡ್ತಿದೀಯಾ? ಶಭಾಶ್! ಹೇಗಿದೆ?"

ಹೇಳುವುದಿದ್ದರೆ ಆಗ ಹೇಳಬಹುದಿತ್ತು. ಅಜ್ಜಿ ಗಂಡನ ಮುಖ ನೋಡಿದಳು. ತಾತ ಬೇಡವೆಂದು ತಲೆಯಾಡಿಸಿದ.

"ಚೆನ್ನಾಗಿದೆ ಕಣೋ. ತುಂಬ ಚೆನ್ನಾಗಿದೆ," ಅಂದಳು.

ಆಮೇಲೆ ಕೈಚೀಲದಿಂದ ಟವೆಲ್ಲು ತೆಗೆದು ಪರದೆಯ ಮೇಲೆ ಹೊದಿಸಿ, ಅಂಚನ್ನು ಡ್ಯಾಶಿನ ಸಂದಿಗೆ ತುರುಕಿದಳು. ದನಿ ಕೊಂಚ ಮಂಕಾಯಿತು. ಇಬ್ಬರೂ ಆಮೆಯ ಹಾಗೆ ಮನೆಗೆ ಬಂದರು.

"ಸಾಕು ಮಾಡಿಬಿಡೋಣ ಕಣೇ," ಅಂದ ತಾತ, ಇಳಿಯುವ ಮುಂಚೆ.

"ಸಾಕು ಮಾಡಿದ್ರೆ ನನಗೇನು ಉಳೀತು? ಆ ಅಡುಗೆಮನೇನಾ?" ಅಂದಳು ಅಜ್ಜಿ. ಕಣ್ಣಲ್ಲಿ ನೀರಿತ್ತು. "ಇನ್ನೊಂದು ಸ್ವಲ್ಪ ದಿನ ರೀ. ನನ್ನ ಕಣ್ಣು ಚೆನ್ನಾಗೇ ಇದೆಯಲ್ಲ."

ರಜೆ ಹತ್ತಿರವಾದಂತೆ ಮನೆಯಲ್ಲಿ ಮಾತು ಬೆಳೆಯಿತು. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಕೊಳವೆಗಳನ್ನು ನೋಡಿ ನೋಡಿ ತಲೆಸಿಡಿತ ಹೊತ್ತು ಬರುತ್ತಿದ್ದಳು. ಒಂದು ದಿನ ಹೊರಗೆ ಹೋಗಿಬರುವ ಆಸೆ ಅವಳಿಗೂ ಇತ್ತು, ತಪ್ಪೇನು?

ಒಂದು ಸಂಜೆ ಮೊಟ್ಟೆ ಸುಲಿಯುತ್ತ ಕೂತಿದ್ದ ಅಜ್ಜಿಯ ಎದುರು ಬಂದು ನಿಂತಳು.

"ಅತ್ತೆ, ನೇರವಾಗಿ ಕೇಳ್ತೀನಿ. ಪುಟ್ಟಿ ನಿಮ್ಮ ಜೊತೆ ಬಂದ್ರೆ ನಿಮಗೇನು ಕಷ್ಟ?"

"ಕಷ್ಟ ಏನಿಲ್ಲ. ಬಿಸಿಲು ಜಾಸ್ತಿ."

"ಹೋದ ಸಲ ಮಳೆ ಅಂದ್ರಿ. ಅದಕ್ಕೂ ಹಿಂದೆ ಅವಳಿಗೆ ನೆಗಡಿ ಅಂದ್ರಿ. ಸಾಕಿ ಬೆಳೆಸೋಕೆ ಅಜ್ಜಿ ಬೇಕು, ಸುತ್ತಾಡೋಕೆ ಮಾತ್ರ ಮೊಮ್ಮಗಳು ಬೇಡ. ಮಗು ನನ್ನ ಕೇಳ್ತಾಳೆ, ಅಜ್ಜಿಗೆ ನಾನು ಅಂದ್ರೆ ಇಷ್ಟ ಇಲ್ವಾ ಅಂತ. ಏನು ಹೇಳಲಿ?"

ಅಜ್ಜಿಯ ಕೈಯಲ್ಲಿದ್ದ ಮೊಟ್ಟೆ ಸಿಪ್ಪೆಯ ಜೊತೆ ಅರ್ಧ ಕಿತ್ತು ಬಂತು. ಬಾಗಿಲ ಆಚೆ ಪುಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ನಿಜ ಹೇಳಿದರೆ ವ್ಯಾನು ಹೋಯಿತು. ಹೇಳದಿದ್ದರೆ ಮಗುವಿನ ಮನಸ್ಸು ಹೋಯಿತು.

"ಆಯ್ತು. ಕೆರೆ ಹತ್ತಿರಾನೇ ಇದೆ, ಅಲ್ಲೀವರೆಗೆ ಮಾತ್ರ. ಬೆಳಕಿರೋವಾಗಲೇ ವಾಪಸ್ ಬರಬೇಕು. ಮುಂದಿನ ಸೀಟಲ್ಲಿ ನಾನೇ ಕೂರೋದು," ಅಂದಳು.

"ಮುಂದಿನ ಸೀಟು ನಿಮ್ಮದೇ, ಯಾರು ಕಿತ್ಕೊಳ್ತಾರೆ," ಅಂದಳು ಸೊಸೆ, ಗೆದ್ದವಳ ಹಾಗೆ.

ಹೋಗುವಾಗ ಎಲ್ಲ ಸರಿಯಾಗಿಯೇ ಇತ್ತು. ಟವೆಲ್ಲನ್ನು ಕಂಡು ಮಗ, "ಇದೇನಮ್ಮಾ, ಇದಕ್ಕೆ ಚಳಿಯಾ?" ಅಂತ ಕಿತ್ತು ಹಿಂದಕ್ಕೆ ಎಸೆದ. ಆದರೂ ರಸ್ತೆ ಖಾಲಿ ಇತ್ತು. ಅಜ್ಜಿ ಯಂತ್ರದ ಮೇಲೆ ಗಂಟಲೇರಿಸಿ ಹೇಳುತ್ತ ಹೋದಳು, ತಾತ ಅವಳ ದನಿಯನ್ನೇ ಹಿಡಿದುಕೊಂಡು ಓಡಿಸಿದ. ಕೆರೆಯ ದಂಡೆಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ತಾತ ಎಲ್ಲರಿಗೂ ಟೀ ಮಾಡಿದ. ಪುಟ್ಟಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅವಳ ಕೂದಲು ನೇವರಿಸುತ್ತ ಅಜ್ಜಿ, ಸುಮ್ಮನೆ ಹೆದರಿದೆನೇನೋ, ಏನೂ ಆಗಲಿಲ್ಲವಲ್ಲ ಅಂದುಕೊಂಡಳು.

ವಾಪಸು ಹೊರಡುವುದು ತಡವಾಯಿತು. ಬಿಸಿಲು ಇಳಿದಿತ್ತು, ಪೆಟ್ಟಿಗೆಯ ಪರದೆ ತಾತನ ಮುಖಕ್ಕೆ ಬೆಳಕು ಚೆಲ್ಲುತ್ತಿತ್ತು. ಊರು ಹತ್ತಿರವಾದಂತೆ ಗಾಡಿಗಳು ಹೆಚ್ಚಿದವು. ಯಂತ್ರ ಮಾತಾಡುತ್ತಿತ್ತು. ಪುಟ್ಟಿ ಹಾಡುತ್ತಿದ್ದಳು. ಮಗ ಹಿಂದಿನ ಮಂಚದ ಮೇಲಿಂದ, "ನೋಡು ಪುಟ್ಟಿ, ನಾವು ಈಗ ಈ ನೀಲಿ ಗೆರೆ ಮೇಲಿದೀವಿ," ಅಂತ ವಿವರಿಸುತ್ತಿದ್ದ. ಎಲ್ಲದರ ಮೇಲೆ ಅಜ್ಜಿ: "ಲಾರಿ ರೀ, ಬಲಗಡೆ. ಎಡಗಡೆ ಇಬ್ಬರು ನಡ್ಕೊಂಡು ಹೋಗ್ತಿದಾರೆ. ನಿಧಾನ. ನಾಯಿ, ನಾಯಿ. ಹೋಯ್ತು. ಎಡಗಡೆ..."

ಸೊಸೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಳು.

"ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ, ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರಿ! ಮಾವ ಇಷ್ಟು ವರ್ಷ ಬಸ್ ಓಡಿಸಿದೋರು, ಅವರಿಗೆ ಕಣ್ಣಿಲ್ವಾ?"

ಅಜ್ಜಿಗೆ ಮುಖಕ್ಕೆ ಹೊಡೆದಂತಾಯಿತು. ಮಗ ಏನಾದರೂ ಅಂದಾನೇ ಅಂತ ಕಾದಳು. ಅವನು ಅನ್ನಲಿಲ್ಲ. ಇಷ್ಟು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತದ್ದಕ್ಕೆ ಇದೇ ತಾನೇ ಸಿಕ್ಕಿದ್ದು ಅಂತ ಅವಳಿಗೆ ರೋಷ ಬಂತು. ಆಯಿತು, ಆ ಯಂತ್ರವೇ ಹೇಳಲಿ. ತುಟಿ ಬಿಗಿದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

"ಏನೇ?" ಅಂದ ತಾತ ಮೆಲ್ಲಗೆ. ಅವಳು ಮಾತಾಡಲಿಲ್ಲ.

"ಎಡಕ್ಕೆ ತಿರುಗಿ," ಅಂದಿತು ಯಂತ್ರ.

ಹೆಂಡತಿ ಸುಮ್ಮನಿದ್ದಾಳೆ ಅಂದರೆ ಎಡಗಡೆ ಏನೂ ಇಲ್ಲ. ತಾತನ ಲೆಕ್ಕ ಯಾವತ್ತೂ ಅದೇ ಆಗಿತ್ತು. ಅವನು ಎಡಕ್ಕೆ ತಿರುಗಿಸಿದ.

ಕಿಟಕಿಯ ಪಕ್ಕದಲ್ಲೇ ಸೈಕಲ್ಲಿನಲ್ಲಿ ಒಬ್ಬ ಹೋಗುತ್ತಿದ್ದ. ಖಾಕಿ ಅಂಗಿ, ಹ್ಯಾಂಡಲಿಗೆ ನೇತುಹಾಕಿದ ಊಟದ ಡಬ್ಬಿ. ಅವನು ತಲೆಯೆತ್ತಿ ಅಜ್ಜಿಯನ್ನು ನೋಡಿದ, ಅಜ್ಜಿ ಅವನನ್ನು ನೋಡಿದಳು. ಬಾಯಿ ತೆರೆದಳು. ಬಂದ ಕೂಗು ಮಾತಿನದಾಗಿರಲಿಲ್ಲ, ಮತ್ತು ಬರುವಷ್ಟರಲ್ಲಿ ಆಗುವುದು ಆಗಿಹೋಗಿತ್ತು.

ಆ ಮನುಷ್ಯ ಬದುಕಿದ. ಅವನೊಬ್ಬ ರಾತ್ರಿಪಾಳಿಯ ಕಾವಲುಗಾರ, ಕೆಲಸಕ್ಕೆ ಹೊರಟಿದ್ದವನು. ಬಲಗಾಲು ಚಕ್ರದ ಕೆಳಗೆ ಸಿಕ್ಕಿತ್ತು. ಪೊಲೀಸಿನವರು ಬಂದಾಗ ಮಗ ಬಿಳಿಚಿಕೊಂಡು, "ಸಾರ್, ಮೆಷಿನ್ನು ಇದ್ದಕ್ಕಿದ್ದ ಹಾಗೆ ಎಡಕ್ಕೆ ಅಂತು ಸಾರ್, ಅದನ್ನ ಹಾಕಿದ್ದು ನಾನು," ಅಂತ ಬಡಬಡಿಸತೊಡಗಿದ.

ರಸ್ತೆಯಂಚಿನಲ್ಲಿ ಕೂತಿದ್ದ ತಾತ ಅಂದ: "ಮೆಷಿನ್ನಿಂದಲ್ಲ. ನನಗೆ ಪಕ್ಕದ್ದು ಕಾಣಲ್ಲ. ಬಹಳ ದಿನ ಆಯ್ತು."

ಮಗ ಅಪ್ಪನನ್ನು ನೋಡಿದ. ಸೊಸೆ, ಮಗುವನ್ನು ಅವುಚಿಕೊಂಡು ನಿಂತಿದ್ದವಳು, ಅತ್ತೆಯ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದಳು ಅಜ್ಜಿ.

ಮನೆಯಲ್ಲಿ ಆ ವಾರ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಮಾಡಿದ ಅನ್ನ ಮಾಡಿದ ಹಾಗೇ ಉಳಿಯುತ್ತಿತ್ತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು, ಕೂಗಿದಳು.

"ನನ್ನ ಮಗು ಹಿಂದೆ ಕೂತಿತ್ತು ಅತ್ತೆ! ಹೇಗೆ ಮನಸ್ಸು ಬಂತು ನಿಮಗೆ?"

"ಅದಕ್ಕೇ ಬೇಡ ಬೇಡ ಅಂದಿದ್ದು."

"ಬೇಡ ಅಂದ್ರೆ ಸಾಕಾ? ಯಾಕೆ ಬೇಡ ಅಂತ ಒಂದು ಮಾತು ಹೇಳಿದ್ರೆ ನಾವೇನು ನಿಮ್ಮನ್ನ ನುಂಗಿಬಿಡ್ತಿದ್ವಾ?"

"ವ್ಯಾನು ಕಿತ್ಕೊಳ್ತಿದ್ರಿ."

ಸೊಸೆಗೆ ಮುಂದಿನದು ಕೇಳಲು ಧೈರ್ಯ ಬರಲಿಲ್ಲ, ಆದರೂ ಕೇಳಿದಳು. "ನಾನು ಬಾಯಿ ಮುಚ್ಚಿ ಅಂದೆ ಅಂತ ಮುಚ್ಚಿಬಿಟ್ರಾ?"

"ಹೂಂ," ಅಂದಳು ಅಜ್ಜಿ. "ಸಿಟ್ಟಿಗೆ."

ನಲ್ಲಿ ಸೋರುತ್ತಲೇ ಇತ್ತು.

ಕಾವಲುಗಾರನಿಗೆ ಪ್ರಜ್ಞೆ ಸರಿಯಾದ ಮೇಲೆ ತಾತ, ಅಜ್ಜಿ ಆಸ್ಪತ್ರೆಗೆ ಹೋದರು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಅವನ ಹೆಂಡತಿ ಇವರನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಅಜ್ಜಿ ಕೈಯಲ್ಲೇ ಹಿಡಿದು ನಿಂತಳು.

"ನಿನ್ನ ಕಾಲು ಹಿಡ್ಕೋತೀನಿ ಅನ್ನೋಕೂ ನನಗೆ ಬಾಯಿಲ್ಲಪ್ಪ," ಅಂದ ತಾತ. "ಕಾಣಲಿಲ್ಲ."

ಆ ಮನುಷ್ಯ ತಾತನ ಕಡೆ ನೋಡಲಿಲ್ಲ. ಅಜ್ಜಿಯನ್ನೇ ನೋಡುತ್ತಿದ್ದ. ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ್ದನ್ನು ಕೇಳುವವನ ಹಾಗಿತ್ತು.

"ನೀವು ನನ್ನ ನೋಡಿದ್ರಲ್ಲಮ್ಮಾ. ಕಿಟಕೀಲಿ. ನೋಡಿದ್ರಲ್ಲ, ಇನ್ನೇನು ಭಯ, ಗಾಡಿ ನಿಲ್ಲಿಸ್ತಾರೆ ಅಂತ ನಾನು ಬ್ರೇಕೇ ಹಿಡೀಲಿಲ್ಲ."

ಅಜ್ಜಿ ಚೀಲವನ್ನು ಮಂಚದ ಕಾಲಿನ ಹತ್ತಿರ ಇಟ್ಟು ಹೊರಗೆ ಬಂದಳು.

ಅವತ್ತಿನಿಂದ ಅವಳು ಮಾತು ಬಿಟ್ಟಳು. ಹಟದಿಂದಲ್ಲ, ಬಾಯಿ ತೆರೆದರೆ ಆ ಮುಖ ಕಿಟಕಿಯಲ್ಲಿ ಬಂದು ನಿಲ್ಲುತ್ತಿತ್ತು. ಡಬ್ಬಿ ಕಟ್ಟುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕರೆದರೆ ತಲೆಯಾಡಿಸುತ್ತಿದ್ದಳು. ಪುಟ್ಟಿ ತೊಡೆಯ ಮೇಲೆ ಬಂದು ಕೂತು, "ಕಾಮೆಂಟರಿ ಹೇಳಜ್ಜಿ," ಅಂತ ಗಲ್ಲ ಹಿಡಿದಳು. ಅವಳ ಕೈಯನ್ನು ಅಜ್ಜಿ ಮೆಲ್ಲಗೆ ತೆಗೆದಿಟ್ಟಳು. ತಾತ ಮನೆಯೊಳಗೆ ಗೋಡೆ ಸವರಿಕೊಂಡು ಓಡಾಡತೊಡಗಿದ. ವ್ಯಾನಿನ ಹೊರಗೂ ಅವನು ಹೆಂಡತಿಯ ದನಿಯನ್ನು ಹಿಡಿದೇ ನಡೆಯುತ್ತಿದ್ದ ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಬಚ್ಚಲಿನ ಹೊಸ್ತಿಲಿಗೆ ಎಡವಿ ಹಣೆ ಒಡೆದುಕೊಂಡ. ಅಜ್ಜಿ ಓಡಿಬಂದು ಬಟ್ಟೆ ಕಟ್ಟಿದಳು. ಆಗಲೂ ಒಂದು ಮಾತಿಲ್ಲ.

"ಬೈಯಾದ್ರೂ ಬೈಯೇ," ಅಂದ ತಾತ. ಅವಳು ಗಂಟು ಬಿಗಿದು ಎದ್ದು ಹೋದಳು.

ಪೊಲೀಸರು ಬಿಟ್ಟುಕೊಟ್ಟ ಮೇಲೆ ವ್ಯಾನು ಮಾರಿದರು. ಕಾವಲುಗಾರನ ಮನೆಗೆ ಪರಿಹಾರದ ಹಣ ಕೊಡಬೇಕಾಗಿತ್ತು, ಅದರ ಬಗ್ಗೆ ಮನೆಯಲ್ಲಿ ಯಾರೂ ಎರಡು ಮಾತಾಡಲಿಲ್ಲ. ಕೊಳ್ಳಲು ಬಂದವರು ಹೊಸದಾಗಿ ಮದುವೆಯಾದ ಜೋಡಿ. ಮಂಚ, ಒಲೆ, ಪರದೆ ಎಲ್ಲ ನೋಡಿ ಹ್ಞೂಂ ಹ್ಞೂಂ ಅಂದರು. ಪೆಟ್ಟಿಗೆ ಬೆಳಗಿದಾಗ ಇಬ್ಬರ ಮುಖವೂ ಅರಳಿತು.

"ಇದಂತೂ ಸೂಪರ್ರು! ಯಾರು ಸಾರ್ ಫಿಟ್ ಮಾಡಿದ್ದು?"

"ನಾನೇ," ಅಂದ ಮಗ, ನೆಲ ನೋಡುತ್ತ.

ಅಜ್ಜಿ ಒಳಗಿನಿಂದ ಟವೆಲ್ಲಿನಲ್ಲಿ ಸುತ್ತಿದ್ದ ಹಳೆಯ ಸ್ಟೀರಿಯೊ ತಂದು ಗಂಡನ ಕೈಗೆ ಕೊಟ್ಟಳು. "ಇದೂ ನಿಮ್ಮದೇ ಕಣಪ್ಪ, ವ್ಯಾನಿನ ಜೊತೇಲೇ ಬಂದದ್ದು," ಅಂದ ತಾತ. "ಅಯ್ಯೋ ಬೇಡ ಬಿಡಿ, ಅದನ್ನ ತಗೊಂಡು ಏನು ಮಾಡೋಣ," ಅಂದ ಹುಡುಗ. ವ್ಯಾನು ಗೇಟು ದಾಟಿತು. ಒಳಗಿನಿಂದ ಆ ಹೆಣ್ಣುದನಿ ದಾರಿ ಹೇಳುವುದು ಸ್ವಲ್ಪ ದೂರ ಕೇಳಿಸಿತು. ತಾತ ಸ್ಟೀರಿಯೊವನ್ನು ಎದೆಗೊತ್ತಿ ನಿಂತಿದ್ದ. ಹೆಬ್ಬೆರಳು ತಿರುಗುಣಿಯನ್ನು ಟಕ್ ಟಕ್ ಅಂತ ಅತ್ತಿತ್ತ ತಿರುಗಿಸುತ್ತಿತ್ತು.

ಅವತ್ತು ರಾತ್ರಿ ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅನ್ನ, ಬೇಳೆ, ಆಲೂಗಡ್ಡೆ. ತಾತ ನೀರಿಗೆ ಕೈ ಚಾಚಿದ. ಕೈ ಮೇಜಿನ ಮೇಲೆ ತಡಕಾಡಿತು, ಲೋಟಕ್ಕೆ ಬಡಿಯಿತು. ನೀರು ಚೆಲ್ಲಿ ತಟ್ಟೆಯವರೆಗೆ ಹರಿಯಿತು. ಸೊಸೆ ಎದ್ದು ಒರೆಸಿ, ಮತ್ತೆ ತುಂಬಿಟ್ಟಳು. ಕೈ ಮತ್ತೆ ತಡಕಾಡಿತು.

"ತಾತ, ಲೋಟ ಬಲಗಡೆ ಇದೆ," ಅಂದಳು ಪುಟ್ಟಿ. "ಇನ್ಮೇಲೆ ನಾನು ಹೇಳ್ತೀನಿ ತಾತ. ಅಜ್ಜಿ ಹೇಳ್ತಿದ್ಲಲ್ಲ, ಹಾಗೇ ಎಲ್ಲಾ ನಾನೇ ಹೇಳ್ತೀನಿ. ಈಗ ಎಡಗಡೆ..."

"ಸುಮ್ನಿರು!"

ಅಜ್ಜಿಯ ದನಿ. ಅದು ಎಷ್ಟು ಕರ್ಕಶವಾಗಿತ್ತೆಂದರೆ ಎಲ್ಲರೂ ಬೆಚ್ಚಿದರು. ಅವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಬೆರಳು ಬೆಳ್ಳಗಾಗಿದ್ದವು.

"ನೀನು ಹೇಳಕೂಡದು. ಗೊತ್ತಾಯ್ತಾ? ಯಾವತ್ತೂ ಹೇಳಕೂಡದು. ಅದು ನಿನ್ನ ಕೆಲಸ ಅಲ್ಲ."

ಪುಟ್ಟಿಯ ಕಣ್ಣು ತುಂಬಿತು. ಸೊಸೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. ತಾತ ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಹೆಂಡತಿಯ ದನಿ ಬಂದ ಕಡೆಗೆ ಮುಖ ಮಾಡಿ ಕಾದ.

ಅಜ್ಜಿ ಮೇಜಿನ ಅಂಚನ್ನು ಬಿಟ್ಟಳು. ಆಮೇಲೆ, ಮೊದಲ ಸಲ ಓದಲು ಕೂತ ಮಗುವಿನ ಹಾಗೆ ತಡೆದು ತಡೆದು ಅಂದಳು:

"ಬಲಗಡೆ ನೀರಿದೆ. ಎಡಗಡೆ ಬೇಳೆ, ಬಿಸಿ ಇದೆ, ನಿಧಾನ. ಮುಂದೆ ಏನೂ ಇಲ್ಲ ರೀ."

ತಾತ ಲೋಟ ಹಿಡಿದು ನೀರು ಕುಡಿದ.